ಸೋಮವಾರ ಎತ್ತಿಗೆ ರಜೆ, ಎತ್ತಿಲ್ಲದವರಿಗೆ ಯಾವಾಗ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಒಂದು ಹಳೇ ಕಟ್ಟಳೆ ಇದೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಬಿತ್ತನೆಗೆ ಹದ ಬಂದು ನಿಂತಿರಲಿ, ಎಡೆ ಹೊಡೆಯೋದು ಬಾಕಿ ಇರಲಿ, ‘ಇವತ್ತ ಸ್ವಾಮಾರ ಅದ, ಬಸವಣ್ಣನ ವಾರ’ ಅಂದರೆ ಮಾತು ಮುಗೀತು. ಎತ್ತುಗಳ ಮೈ ತೊಳೀತಾರೆ, ಮೇಯಿಸ್ತಾರೆ, ನೆರಳಿಗೆ ಕಟ್ತಾರೆ. ಅಮಾಸಿ ದಿನವೂ ಹಾಗೇ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿರುವ ಹಿರೋಳ್ಳಿಯಂಥ ಊರುಗಳಲ್ಲಿ ಇದನ್ನು ಯಾವ ಕಾಯ್ದೆಯೂ ಹೇಳಿಲ್ಲ, ಯಾವ ಲೇಬರ್ ಇನ್‌ಸ್ಪೆಕ್ಟರೂ ಬಂದು ತಪಾಸಣೆ ಮಾಡಲ್ಲ. ಮುರಿದವನನ್ನು ಕಟ್ಟೆ ಮೇಲೆ ಕೂತವರು ನೋಡುವ ನೋಟವೇ ದಂಡ.

ಈಗ ಇನ್ನೊಂದು ಕಡೆ ನೋಡಿ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿ, ಭಾನುವಾರವೂ ನಿಮ್ಮಿಂದ ಕೆಲಸ ಮಾಡಿಸೋಕೆ ಆಗ್ತಿಲ್ಲವಲ್ಲ ಅಂತ ವಿಷಾದ ಬೇರೆ ಪಟ್ಟರು. ಇವೆರಡರ ಮಧ್ಯೆ, 2024ರ ಜುಲೈನಲ್ಲಿ, ಐಟಿ ಕಂಪನಿಗಳಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾವ ನಮ್ಮದೇ ರಾಜ್ಯದಲ್ಲಿ ಚರ್ಚೆಗೆ ಬಂದು, ನೌಕರರ ಸಂಘ ಕೆಐಟಿಯು ಅದನ್ನು ವಿರೋಧಿಸಿ ನಿಂತಿತು.

ಎತ್ತಿಗೆ ಸಿಕ್ಕ ಮರ್ಯಾದೆ ಸಾಫ್ಟ್‌ವೇರ್ ಇಂಜಿನಿಯರಿಗೆ ಸಿಗಲಿಲ್ಲ ಅಂತ ಜೋಕ್ ಮಾಡಿ ಮುಗಿಸಬಹುದು. ಆದರೆ ಆ ಸೋಮವಾರದ ಕಟ್ಟಳೆಯ ಹಿಂದೆ ಏನಿದೆ ಅಂತ ಕೆದಕಿದರೆ ವಿಷಯ ದೊಡ್ಡದು. ಅದಕ್ಕೆ ನೆರವಾಗೋದು ‘ಸಬ್ಬತ್’ ಅನ್ನೋ ಪದ. ಯಹೂದಿಗಳ ಏಳನೇ ದಿನದ ವಿಶ್ರಾಂತಿ. ಈಚೆಗೆ ಇದು ಸೆಲ್ಫ್-ಹೆಲ್ಪ್ ಪುಸ್ತಕ, ಪಾಡ್‌ಕಾಸ್ಟ್‌ಗಳ ಮೂಲಕ ನಮ್ಮ ಕಿವಿಗೂ ಬೀಳ್ತಿದೆ: ‘ಡಿಜಿಟಲ್ ಸಬ್ಬತ್’ ಮಾಡಿ, ವಾರಕ್ಕೊಂದು ದಿನ ಫೋನ್ ಆಫ್ ಮಾಡಿ, ರೀಚಾರ್ಜ್ ಆಗಿ, ಸೋಮವಾರ ಡಬಲ್ ಕೆಲಸ ಮಾಡಿ.

ಈ ‘ರೀಚಾರ್ಜ್’ ಅನ್ನೋ ಮಾತಲ್ಲೇ ಎಡವಟ್ಟು ಇರೋದು. ಇಂಜಿನಿಯರಿಂಗ್‌ನಲ್ಲಿ ನಮಗೆ ಮೋಟರಿನ ನೇಮ್‌ಪ್ಲೇಟ್ ಓದೋದು ಕಲಿಸಿದ್ದರು. ಎಸ್1 ಅಂತ ಇದ್ದರೆ ನಿಲ್ಲಿಸದೆ ಓಡಿಸಬಹುದು. ಎಸ್2 ಅಂದರೆ ಸ್ವಲ್ಪ ಹೊತ್ತು ಓಡಿಸಿ ತಣ್ಣಗಾಗಲು ಬಿಡಬೇಕು. ಎಸ್3 ಅಂದರೆ ಓಡು-ನಿಲ್ಲು, ಓಡು-ನಿಲ್ಲು. ಎಸ್3 ಮೋಟರನ್ನು ಎಸ್1 ಥರ ಓಡಿಸಿದರೆ ವೈಂಡಿಂಗ್ ಸುಡುತ್ತೆ. ಕಾರ್ಪೊರೇಟ್ ವೆಲ್‌ನೆಸ್ ಭಾಷಣಗಳು ಹೇಳೋದು ಇಷ್ಟೇ: ನೀವು ಎಸ್3 ಮೋಟರು, ಆಗಾಗ ತಣ್ಣಗಾಗಿ. ಲೆಕ್ಕ ಸರಿಯೇ ಇದೆ. ಆದರೆ ಮೋಟರನ್ನು ನಿಲ್ಲಿಸೋದು ಮತ್ತೆ ಓಡಿಸೋಕೆ. ಸಬ್ಬತ್ ಹುಟ್ಟಿದ್ದು ಈ ಲೆಕ್ಕದಿಂದ ಅಲ್ಲ.

ಇಟ್ಟಿಗೆ ಟಾರ್ಗೆಟ್ಟು

ಬೈಬಲಿನ ವಿಮೋಚನಕಾಂಡದಲ್ಲಿ ಬರುವ ಕತೆ ಇದು. ಇಸ್ರೇಲರು ಈಜಿಪ್ಟಿನಲ್ಲಿ ಗುಲಾಮರು, ಫರೋಹನಿಗೆ ಇಟ್ಟಿಗೆ ಹೊಡೆಯೋದು ಅವರ ಕೆಲಸ. ದಿನಕ್ಕಿಷ್ಟು ಅಂತ ಗುರಿ. ಮೋಶೆ ಹೋಗಿ, ನಮ್ಮ ಜನ ಅರಣ್ಯದಲ್ಲಿ ದೇವರ ಹಬ್ಬ ಮಾಡಬೇಕು, ಬಿಡು ಅಂತ ಕೇಳ್ತಾನೆ. ಫರೋಹನ ಉತ್ತರ ನಮಗೆ ಚೆನ್ನಾಗಿ ಪರಿಚಯ ಇರುವಂಥದ್ದು. ಇವರು ಸೋಮಾರಿಗಳು, ಅದಕ್ಕೇ ರಜೆ ಕೇಳ್ತಿದ್ದಾರೆ ಅನ್ನುತ್ತಾನೆ. ಅಲ್ಲಿವರೆಗೆ ಇಟ್ಟಿಗೆ ಮಣ್ಣಿಗೆ ಬೆರೆಸೋ ಹುಲ್ಲನ್ನು ಸರ್ಕಾರ ಕೊಡ್ತಿತ್ತು. ಇನ್ನು ಮೇಲೆ ಹುಲ್ಲು ನೀವೇ ತಂದ್ಕೊಳ್ಳಿ, ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಡಿಮೆ ಆಗಬಾರದು ಅಂತ ಹುಕುಂ ಹೊರಡಿಸ್ತಾನೆ.

ಈ ಗುಲಾಮರು ಹೊರಬಂದ ಮೇಲೆ ಅವರಿಗೆ ಸಿಗುವ ಕಟ್ಟಳೆಗಳಲ್ಲಿ ಸಬ್ಬತ್ ಒಂದು. ಅದಕ್ಕೆ ಕಾರಣ ಎರಡು ಕಡೆ ಎರಡು ಥರ ಇದೆ. ವಿಮೋಚನಕಾಂಡದಲ್ಲಿ, ದೇವರೇ ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ನಿಲ್ಲಿಸಿದ ಅನ್ನೋ ಕಾರಣ. ಧರ್ಮೋಪದೇಶಕಾಂಡದಲ್ಲಿ, ನೀವೇ ಒಂದು ಕಾಲಕ್ಕೆ ಗುಲಾಮರಾಗಿದ್ದಿರಿ, ಅದನ್ನು ನೆನಪಿಟ್ಟುಕೊಳ್ಳಿ ಅನ್ನೋ ಕಾರಣ. ಅದಕ್ಕೇ ಪಟ್ಟಿ ಉದ್ದ ಇದೆ. ಮನೆ ಯಜಮಾನ ಕಾಲು ಚಾಚಿ ಮಲಗಿದರೆ ಸಾಲದು. ಅವನ ಮಗ, ಮಗಳು, ಆಳು, ಹೆಣ್ಣಾಳು, ಊರಿಗೆ ಬಂದು ನೆಲೆಸಿರೋ ಪರದೇಶಿ ಎಲ್ಲರೂ ನಿಲ್ಲಿಸಬೇಕು. ಪಟ್ಟಿಯಲ್ಲಿ ಎತ್ತು, ಕತ್ತೆ ಕೂಡ ಇವೆ. ಹಿರೋಳ್ಳಿ ಕಡೆಯ ರೈತನಿಗೆ ಈ ಸಾಲು ಓದಿ ಹೇಳಿದರೆ, ‘ಇದೇನ್ ಹೊಸಾದ್ ತಮ್ಮಾ’ ಅಂತ ಕೇಳಿಯಾನು.

ಯಹೂದಿ ಪಂಡಿತರು ಮುಂದೆ ಮಿಶ್ನಾ ಗ್ರಂಥದಲ್ಲಿ ಸಬ್ಬತ್ ದಿನ ಮಾಡಬಾರದ 39 ಬಗೆಯ ಕೆಲಸಗಳನ್ನು ಪಟ್ಟಿ ಮಾಡಿದರು. ಮೊದಲ ಹನ್ನೊಂದು ಏನು ಗೊತ್ತಾ? ಬಿತ್ತೋದು, ಉಳೋದು, ಕೊಯ್ಯೋದು, ಸಿವುಡು ಕಟ್ಟೋದು, ಒಕ್ಕೋದು, ತೂರೋದು, ಆರಿಸೋದು, ಬೀಸೋದು, ಜರಡಿ ಹಿಡಿಯೋದು, ನಾದೋದು, ಸುಡೋದು. ಹೊಲದಿಂದ ರೊಟ್ಟಿವರೆಗಿನ ಪೂರಾ ದಾರಿ. ಶುಕ್ರವಾರ ಹೊತ್ತು ಮುಳುಗಿದಾಗಿಂದ ಶನಿವಾರ ರಾತ್ರಿ ಚುಕ್ಕಿ ಕಾಣೋವರೆಗೆ ಈ ದಾರಿ ಬಂದ್. ಒಲೆ ಹಚ್ಚಂಗಿಲ್ಲ, ದುಡ್ಡು ಮುಟ್ಟಂಗಿಲ್ಲ, ಅಡುಗೆ ಮೊದಲೇ ಮುಗಿದಿರಬೇಕು. ಒಂದು ವಿನಾಯಿತಿ: ಜೀವ ಉಳಿಸೋ ಪ್ರಶ್ನೆ ಬಂದರೆ ಎಲ್ಲ ನಿಯಮವನ್ನೂ ಮುರಿಯಬೇಕು.

ಅಬ್ರಹಾಂ ಜೋಶುವಾ ಹೆಶೆಲ್ ಅನ್ನೋ ಯಹೂದಿ ಚಿಂತಕ 1951ರಲ್ಲಿ ‘ದಿ ಸಬ್ಬತ್’ ಅಂತ ಪುಟ್ಟ ಪುಸ್ತಕ ಬರೆದರು. ಅವರ ವಾದದ ಸಾರ: ನಾವು ಆರು ದಿನ ಜಾಗವನ್ನು, ವಸ್ತುಗಳನ್ನು ಗೆಲ್ಲೋಕೆ ಹೊರಡ್ತೀವಿ, ಏಳನೇ ದಿನ ಸಮಯವನ್ನು ಪವಿತ್ರ ಅಂತ ಕಾಣೋಕೆ ಕಲೀಬೇಕು. ಅವರ ಪ್ರಕಾರ ಸಬ್ಬತ್ ಇರೋದು ಉಳಿದ ಆರು ದಿನಕ್ಕೆ ಶಕ್ತಿ ತುಂಬೋಕೆ ಅಲ್ಲ, ಆರು ದಿನ ಇರೋದೇ ಸಬ್ಬತ್‌ಗಾಗಿ. ದೇವರನ್ನು ನಂಬದವರೂ ಇದರಿಂದ ಒಂದು ಮಾತು ಎತ್ತಿಕೊಳ್ಳಬಹುದು. ವಾರದಲ್ಲಿ ಒಂದು ದಿನ ನನ್ನನ್ನು ಯಾರೂ ಇಟ್ಟಿಗೆ ಲೆಕ್ಕದಲ್ಲಿ ಅಳೆಯಬಾರದು, ನಾನೂ ಅಳೆದುಕೊಳ್ಳಬಾರದು.

ಇನ್ನೊಂದು ಕತೆ ಇದಕ್ಕಿಂತ ಮುಖ್ಯ ಅನಿಸುತ್ತೆ. ಅರಣ್ಯದಲ್ಲಿ ಅಲೆಯುವಾಗ ಆ ಜನಕ್ಕೆ ದಿನಾ ಬೆಳಗ್ಗೆ ‘ಮನ್ನಾ’ ಅನ್ನೋ ಆಹಾರ ನೆಲದ ಮೇಲೆ ಸಿಗ್ತಿತ್ತು. ಅವತ್ತಿಗೆ ಬೇಕಾದಷ್ಟೇ ಆರಿಸಿಕೊಳ್ಳಬೇಕು. ಆಸೆಪಟ್ಟು ಕೂಡಿಟ್ಟರೆ ಹುಳ ಬೀಳ್ತಿತ್ತು. ಆರನೇ ದಿನ ಮಾತ್ರ ಎರಡು ದಿನಕ್ಕಾಗುವಷ್ಟು ಸಿಗ್ತಿತ್ತು, ಅದು ಕೆಡ್ತಿರಲಿಲ್ಲ. ಅಂದರೆ, ಕೆಲಸ ನಿಲ್ಲಿಸು ಅಂತ ಹೇಳೋ ಮೊದಲು ಏಳನೇ ದಿನದ ಊಟದ ವ್ಯವಸ್ಥೆ ಆಗಿತ್ತು. ಈ ಅಂಶ ನೆನಪಿಟ್ಕೊಳ್ಳಿ, ದಿನಗೂಲಿಯ ಮಾತು ಬಂದಾಗ ಬೇಕಾಗುತ್ತೆ.

ಭಾನುವಾರ ಯಾರ ಅಪ್ಪನದು?

ಕ್ರೈಸ್ತರು ಈ ದಿನವನ್ನು ಭಾನುವಾರಕ್ಕೆ ಒಯ್ದರು. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರ ನಗರದ ಜನ, ನ್ಯಾಯಾಧೀಶರು ವಿಶ್ರಾಂತಿ ತಗೋಬೇಕು ಅಂತ ಕಾನೂನು ಮಾಡಿದ. ರೈತರು ಮಾತ್ರ ಕೆಲಸ ಮಾಡಬಹುದು, ಹದ ತಪ್ಪಬಾರದು ಅಂತ ವಿನಾಯಿತಿ ಇಟ್ಟ. ನಮ್ಮ ಕಡೆ ಹದ ತಪ್ಪಿದರೂ ಸೋಮವಾರ ಹೂಡಲ್ಲ ಅನ್ನೋದನ್ನು ಇದರ ಪಕ್ಕ ಇಟ್ಟು ನೋಡಿ.

2024ರ ಲೋಕಸಭಾ ಚುನಾವಣೆ ಪ್ರಚಾರದಲ್ಲಿ ಪ್ರಧಾನಿ ಮೋದಿಯವರು ಜಾರ್ಖಂಡ್‌ನ ದುಮ್ಕಾದಲ್ಲಿ, ಶಾಲೆಗಳಿಗೆ ಶುಕ್ರವಾರ ರಜೆ ಕೊಡುವ ವಿವಾದ ಎತ್ತಿ, ಭಾನುವಾರದ ರಜೆ ಕ್ರೈಸ್ತ ಸಮುದಾಯದ ಜೊತೆ ಸೇರಿಕೊಂಡದ್ದು ಅಂದರು. ವಾಟ್ಸಾಪಿನಲ್ಲೂ ‘ಸಂಡೆ ಬ್ರಿಟಿಷರು ಕೊಟ್ಟಿದ್ದು’ ಅಂತ ಓಡಾಡ್ತಿರುತ್ತೆ. ಸರ್ಕಾರಿ ಕಚೇರಿಗಳ ಮಟ್ಟಿಗೆ ಅರ್ಧ ಸತ್ಯ. ಕಾರ್ಮಿಕರ ಮಟ್ಟಿಗೆ ಸುಳ್ಳು.

ಬಾಂಬೆ ಗಿರಣಿಗಳಲ್ಲಿ ವಾರದ ರಜೆ ಅಂತ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಅನ್ನೋರು ಜ್ಯೋತಿಬಾ ಫುಲೆಯವರ ಸಂಗಾತಿ, ಸತ್ಯಶೋಧಕ ಸಮಾಜದವರು, ‘ದೀನಬಂಧು’ ಪತ್ರಿಕೆಯ ಸಂಪಾದಕರು. 1884ರ ಸೆಪ್ಟೆಂಬರ್‌ನಲ್ಲಿ ಅವರು ಕಾರ್ಮಿಕರ ಸಭೆ ಕರೆದು, 5,500 ಜನರ ಸಹಿ ಇದ್ದ ಮನವಿ ತಯಾರಿಸಿದರು. ಬೇಡಿಕೆ ದೊಡ್ಡದೇನಲ್ಲ: ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಬೆಳಗ್ಗೆ ಆರೂವರೆಯಿಂದ ಹೊತ್ತು ಮುಳುಗೋವರೆಗೆ ಮಾತ್ರ ಕೆಲಸ, ಮುಂದಿನ ತಿಂಗಳ 15ರೊಳಗೆ ಪಗಾರ, ಗಾಯವಾದರೆ ಪರಿಹಾರ. ಗಿರಣಿ ಮಾಲೀಕರು ಒಪ್ಪಲು ಆರು ವರ್ಷ ಹಿಡಿಯಿತು. 1890ರ ಏಪ್ರಿಲ್ 24ರಂದು ಸುಮಾರು 10,000 ಕಾರ್ಮಿಕರ ಸಭೆ ಸೇರಿತು, ಇಬ್ಬರು ಮಹಿಳಾ ಕಾರ್ಮಿಕರೂ ಅಲ್ಲಿ ಮಾತಾಡಿದರು. ಜೂನ್ 10ರಂದು ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. 1891ರ ಫ್ಯಾಕ್ಟರಿ ಕಾಯ್ದೆಯಲ್ಲಿ ವಾರದ ರಜೆ ಸೇರಿತು.

ಲೋಖಂಡೆ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ. ಭಾನುವಾರ ಖಂಡೋಬಾನ ವಾರ, ದುಡಿಯೋ ಬಹುಜನರ ದೇವರ ದಿನ, ಅದಕ್ಕೇ ಅವತ್ತು ಬಿಡುವು ಬೇಕು ಅನ್ನೋದು ಅವರ ವಾದಗಳಲ್ಲಿ ಒಂದಾಗಿತ್ತು ಅಂತ. ಖಂಡೋಬಾ ಅಂದರೆ ಯಾರು? ನಮ್ಮ ಮೈಲಾರಲಿಂಗ. ಬೀದರ್ ಜಿಲ್ಲೆ ಖಾನಾಪುರದ ಮೈಲಾರ ಮಲ್ಲಣ್ಣ, ಯಾದಗಿರಿಯ ಮೈಲಾಪುರದ ಮಲ್ಲಯ್ಯ. ನಮ್ಮ ಕಡೆ ಹಿರಿಯರು ಇವತ್ತಿಗೂ ‘ಐತಾರ’ ಮಲ್ಲಯ್ಯನ ವಾರ ಅಂತ ಮಿಂದು, ಹಣೆಗೆ ಭಂಡಾರ ಹಚ್ಚಿಕೊಳ್ತಾರೆ. ಹೀಗಿರುವಾಗ ಭಾನುವಾರ ಯಾರ ಧರ್ಮದ್ದು ಅಂತ ಜಗಳ ಹಚ್ಚೋರಿಗೆ ಕಲ್ಯಾಣ ಕರ್ನಾಟಕದ ಯಾವ ಅಜ್ಜಿಯಾದರೂ ಉತ್ತರ ಕೊಡಬಲ್ಲಳು.

ಅಂದಹಾಗೆ, ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ರಜೆ ಇದ್ದದ್ದು ಶುಕ್ರವಾರ. 1948ರ ನಂತರ ಭಾನುವಾರವಾಯಿತು. ಕಚೇರಿಗೆ ಶುಕ್ರವಾರ, ಎತ್ತಿಗೆ ಸೋಮವಾರ, ಮಲ್ಲಯ್ಯನಿಗೆ ಐತಾರ. ವಾರ ಯಾವುದು ಅನ್ನೋದು ಇಲ್ಲಿ ಎಂದೂ ದೊಡ್ಡ ಸಮಸ್ಯೆ ಆಗಿರಲಿಲ್ಲ.

ಇಲ್ಲಿಂದ ಮುಂದಿನ ಇತಿಹಾಸ ಚುಟುಕಾಗಿ: 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ವಾರದ ವಿಶ್ರಾಂತಿ ಕುರಿತು ಒಪ್ಪಂದ ತಂದಿತು, ಭಾರತ 1923ರಲ್ಲಿ ಅನುಮೋದಿಸಿತು. ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು, 1946ರಲ್ಲಿ ಫ್ಯಾಕ್ಟರಿಗಳಲ್ಲಿ ವಾರಕ್ಕೆ 54 ಗಂಟೆ ಇದ್ದದ್ದು 48ಕ್ಕೆ ಇಳಿಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ವಾರಕ್ಕೆ ಆರು ದಿನಕ್ಕಿಂತ ಹೆಚ್ಚು ದುಡಿಸಬಾರದು ಅನ್ನೋ ನಿಯಮ ಇದೆ. ಅಂದರೆ 70, 90 ಗಂಟೆಯ ಮಾತಾಡೋರು ಕೆಡವಲು ನೋಡ್ತಿರೋದು ಯಾರೋ ದಾನ ಕೊಟ್ಟದ್ದನ್ನಲ್ಲ.

‘ಒಂದು ದಿನ ಆಫ್ ಇದೆಯಲ್ಲ, ಯಾವ ದಿನ ಆದರೇನು?’

ಇದು ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಸೋವಿಯತ್ ರಷ್ಯಾದಲ್ಲಿದೆ. 1929ರಲ್ಲಿ ಸ್ಟಾಲಿನ್ ಸರ್ಕಾರ ಏಳು ದಿನದ ವಾರವನ್ನೇ ತೆಗೆದು, ಐದು ದಿನದ ಸರದಿ ತಂದಿತು. ಕಾರ್ಮಿಕರನ್ನು ಐದು ಬಣ್ಣದ ಗುಂಪು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ದಿನ ರಜೆ. ನಾಲ್ಕು ದಿನ ದುಡಿದರೆ ಒಂದು ದಿನ ಬಿಡುವು, ಲೆಕ್ಕದಲ್ಲಿ ಮೊದಲಿಗಿಂತ ಹೆಚ್ಚು ರಜೆ. ಯಂತ್ರಗಳು ನಿಲ್ಲೋದೇ ಬೇಡ, ಚರ್ಚಿಗೆ ಹೋಗೋ ಭಾನುವಾರವೂ ಮಾಯ. ಆದರೆ ಗಂಡನದ್ದು ಹಳದಿ, ಹೆಂಡತಿಯದ್ದು ಹಸಿರು. ಅಪ್ಪನಿಗೆ ರಜೆ ಇದ್ದ ದಿನ ಮಗ ಶಾಲೇಲಿ, ಗೆಳೆಯರು ಕಾರ್ಖಾನೇಲಿ. ಖಾಲಿ ಮನೇಲಿ ಒಬ್ಬನೇ ಕೂತು ಮಾಡೋ ರಜೆ ಎಂಥ ರಜೆ ಅಂತ ಕಾರ್ಮಿಕರು ದೂರಿದರು. 1931ರಲ್ಲಿ ಎಲ್ಲರಿಗೂ ಒಂದೇ ದಿನ ಬಿಡುವಿರುವ ಆರು ದಿನದ ವಾರ, 1940ರಲ್ಲಿ ಮತ್ತೆ ಏಳು ದಿನ ಮತ್ತು ಭಾನುವಾರ ವಾಪಸ್ ಬಂತು.

ಸ್ಟಾಲಿನ್ ಕೈಬಿಟ್ಟ ಈ ಪದ್ಧತಿ ನಮ್ಮಲ್ಲಿ ಸದ್ದಿಲ್ಲದೆ ಚಾಲ್ತಿಗೆ ಬರ್ತಿದೆ. ಕರ್ನಾಟಕದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಅಂಗಡಿ-ಮುಂಗಟ್ಟುಗಳು ವಾರವಿಡೀ 24 ಗಂಟೆ ತೆರೆಯಬಹುದು ಅಂತ 2021ರಲ್ಲಿ ಆದೇಶವಾಯಿತು. ಕೆಲಸಗಾರರಿಗೆ ಸರದಿ ಮೇಲೆ ರಜೆ. ಮಾಲ್‌ನಲ್ಲಿ ದುಡಿಯೋ ಹುಡುಗಿಗೆ ಮಂಗಳವಾರ ಆಫ್, ಅವಳ ಗಂಡನಿಗೆ ಗುರುವಾರ. ಎತ್ತಿನ ಸೋಮವಾರದ ತಾಕತ್ತು ಇದ್ದದ್ದೇ ಊರಿಗೆಲ್ಲ ಒಂದೇ ದಿನ ಅನ್ನೋದರಲ್ಲಿ. ಪಕ್ಕದ ಹೊಲದವನು ಹೂಡಲ್ಲ ಅಂತ ಗೊತ್ತಿದ್ದರೆ ನೀವು ಹಿಂದೆ ಬೀಳ್ತೀರಿ ಅನ್ನೋ ಭಯ ಇರಲ್ಲ. ಬಿಡುವನ್ನು ಒಬ್ಬೊಬ್ಬರ ಇಷ್ಟಕ್ಕೆ ಬಿಟ್ಟ ದಿನ ಅದು ಸ್ಪರ್ಧೆಯ ವಸ್ತು ಆಗುತ್ತೆ, ತಗೊಂಡವನು ಸೋಲ್ತಾನೆ.

ಕಾಯಕದ ಜನಕ್ಕೆ ಬಿಡುವೇ?

ನಮ್ಮ ಭಾಗದ ಓದುಗರು ಇಲ್ಲೊಂದು ತಕರಾರು ತೆಗೀಬಹುದು. ಶರಣರು ವಾರ-ತಿಥಿಗಳನ್ನು ಒಪ್ಪಲಿಲ್ಲ, ಒಂದು ದಿನ ಇನ್ನೊಂದಕ್ಕಿಂತ ಪವಿತ್ರ ಅನ್ನಲಿಲ್ಲ, ಕಾಯಕವನ್ನೇ ಕೈಲಾಸ ಅಂದರು. ಈ ಮಾತನ್ನು ಈಗ ಹೆಚ್ಚು ಬಳಸೋದು ಕಂಪನಿಗಳ ಗೋಡೆಗಳು ಅನ್ನೋದು ಬೇರೆ ವಿಷಯ. ಆದರೆ ಕಾಯಕದ ಆ ಮಾತಿನ ಜೊತೆ ಹೆಸರು ತಳುಕು ಹಾಕಿಕೊಂಡಿರೋ ಆಯ್ದಕ್ಕಿ ಮಾರಯ್ಯನ ಮನೆಯಲ್ಲೇ ನಡೆದ ಕತೆ ಏನು? ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಅವರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ, ಬಡವರಾದ ನಮಗೆ ಇಷ್ಟು ಆಸೆ ಯಾಕೆ ಅಂತ ಕೇಳಿ, ಹೆಚ್ಚಿದ್ದನ್ನು ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು.

ಮನ್ನಾ ಕತೆಯಲ್ಲಿ ಕೂಡಿಟ್ಟದ್ದಕ್ಕೆ ಹುಳ ಬಿತ್ತು. ಕಲ್ಯಾಣದಲ್ಲಿ ಲಕ್ಕಮ್ಮ ತಡೆದಳು. ಕಾಯಕಕ್ಕೆ ‘ಇಷ್ಟು ಸಾಕು’ ಅನ್ನೋ ಗೆರೆ ಇತ್ತು. ಆ ಗೆರೆ ಅಳಿಸಿ ಕಾಯಕದ ಮಾತು ಮಾತ್ರ ಉಳಿಸಿಕೊಂಡರೆ ಅದು ಫರೋಹನ ಇಟ್ಟಿಗೆ ಲೆಕ್ಕವೇ.

ಕಲಬುರಗಿ ಸೀಮೆಯ ಎಳ್ಳ ಅಮಾಸಿಯೂ ಇದೇ ಸಾಲಿಗೆ ಸೇರುತ್ತೆ. ತೊಗರಿ, ಜೋಳ ನಿಂತಿರೋ ಹೊಲಕ್ಕೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೋಗ್ತಾರೆ. ಕೈಯಲ್ಲಿ ಕುಡಗೋಲು ಇರಲ್ಲ, ಬುತ್ತಿ ಇರುತ್ತೆ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು. ಮೊದಲು ನೆಲಕ್ಕೆ ಚರಗ ಚೆಲ್ಲಿ, ಆಮೇಲೆ ಊಟ. ದುಡಿಯೋ ಜಾಗಕ್ಕೆ ದುಡಿಯದೆ ಹೋಗಿ ಕೂರೋದು, ಅದೂ ಬಂಧು-ಬಳಗ, ಹೊಲ ಇಲ್ಲದ ಗೆಳೆಯರನ್ನೂ ಕರಕೊಂಡು. ಆಧ್ಯಾತ್ಮ ಅಂದರೆ ಇದಕ್ಕಿಂತ ಹೆಚ್ಚಿನದು ನನಗೆ ತಿಳಿದಿಲ್ಲ.

ಪಟ್ಟಿಯಲ್ಲಿ ಇಲ್ಲದವರು

ಇಷ್ಟೆಲ್ಲ ಹೊಗಳಿದ ಮೇಲೆ ಹುಳುಕನ್ನೂ ನೋಡಬೇಕು. ಸೋಮವಾರದ ರಜೆ ಎತ್ತಿದ್ದವನಿಗೆ. ಹೊಲ, ಎತ್ತು ಎರಡೂ ಇಲ್ಲದ ಕೂಲಿಯವರಿಗೆ ಅವತ್ತು ಕೆಲಸ ಸಿಗದಿದ್ದರೆ ಅದು ವಿಶ್ರಾಂತಿ ಅಲ್ಲ, ಖಾಲಿ ಹೊಟ್ಟೆ. ಆರನೇ ದಿನ ಎರಡು ಪಾಲು ಕೊಡದೆ ಏಳನೇ ದಿನ ಸುಮ್ಮನಿರು ಅನ್ನೋದು ಸಬ್ಬತ್ ಆಗಲ್ಲ. ಕಾಯ್ದೆಯಲ್ಲೂ ‘ರಜೆ ಕೊಡು’ ಅನ್ನೋದು ಒಂದು, ‘ರಜೆಯ ದಿನದ ಕೂಲಿ ಕೊಡು’ ಅನ್ನೋದು ಇನ್ನೊಂದು. ಎರಡನೆಯದನ್ನು ಕೇಳೋರು ಕಡಿಮೆ.

ಎತ್ತುಗಳೂ ಈಗ ಕಡಿಮೆಯಾಗ್ತಿವೆ. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ, ಅದರ ಸಾಲದ ಕಂತಿಗೆ ಅಮಾಸಿ ಇಲ್ಲ. ಬಾಡಿಗೆ ಟ್ರ್ಯಾಕ್ಟರ್ ಓಡಿಸೋ ಹುಡುಗ ಬಿತ್ತನೆ ಹಂಗಾಮಿನಲ್ಲಿ ರಾತ್ರಿ ಹೆಡ್‌ಲೈಟ್ ಹಾಕ್ಕೊಂಡು ಹೊಡೀತಾನೆ. ನೊಗ ಹೋದಾಗ ನೊಗದ ಜೊತೆಗಿದ್ದ ಕಟ್ಟಳೆಯೂ ಹೋಯಿತು, ಆ ಜಾಗಕ್ಕೆ ಹೊಸದು ಬರಲಿಲ್ಲ.

ಬೆಂಗಳೂರು, ಪುಣೆಗೆ ಹೋಗಿ ಬೈಕ್ ಮೇಲೆ ಊಟ ಹಂಚುವ ನಮ್ಮೂರ ಹುಡುಗರ ಕತೆ ಇನ್ನೊಂದು. ವಾರದ ರಜೆ, ದಿನದ ಗಂಟೆಗಳ ಮಿತಿ ಇರೋದು ‘ಕಾರ್ಮಿಕ’ ಅಂತ ಕಾನೂನು ಗುರುತಿಸಿದವರಿಗೆ. ಗಿಗ್ ಕೆಲಸಗಾರರು ಹೊಸ ಸಂಹಿತೆಗಳಲ್ಲಿ ಬರೋದು ಸಾಮಾಜಿಕ ಭದ್ರತೆಯ ಭಾಗದಲ್ಲಿ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾಯ್ದೆಯ ತಿರುಳು ಕಲ್ಯಾಣ ಮಂಡಳಿ ಮತ್ತು ಕಂಪನಿಗಳಿಂದ ವಸೂಲಿ ಮಾಡುವ ಶೇ 1ರಿಂದ 5ರ ಶುಲ್ಕ. ಒಳ್ಳೆಯ ಹೆಜ್ಜೆಯೇ. ಆದರೆ ನೀವು-ನಾವು ಮನೇಲಿ ಕೂರೋ ಭಾನುವಾರವೇ ಆರ್ಡರ್ ಜಾಸ್ತಿ, ಇನ್ಸೆಂಟಿವ್ ಜಾಸ್ತಿ. ‘ಯಾವಾಗ ಬೇಕಾದರೂ ಲಾಗೌಟ್ ಆಗಬಹುದು’ ಅನ್ನೋ ಸ್ವಾತಂತ್ರ್ಯ ಅವನಿಗಿದೆ. ಲಾಗೌಟ್ ಆದ ದಿನದ ದುಡ್ಡಿಲ್ಲ. ವಾರಕ್ಕೊಂದು ದಿನ ಲಾಗೌಟ್ ಆದವನ ವಾರದ ಬೋನಸ್ ಕತ್ತರಿಸಬಾರದು ಅಂತ ಒಂದು ಷರತ್ತು ಸೇರಿಸಿ ಅನ್ನೋದು ಕಾರ್ಮಿಕ ಇಲಾಖೆಯನ್ನು ಕೇಳಬಹುದಾದ, ಅಸಾಧ್ಯವಲ್ಲದ ಬೇಡಿಕೆ.

ಮತ್ತೆ ಆ ಹಳೇ ಕಟ್ಟಳೆಗೆ ಬರೋಣ. ಮಗ, ಮಗಳು, ಆಳು, ಹೆಣ್ಣಾಳು, ಎತ್ತು, ಕತ್ತೆ, ಪರದೇಶಿ ಎಲ್ಲರೂ ಇರೋ ಪಟ್ಟಿಯಲ್ಲಿ ಒಬ್ಬರ ಹೆಸರಿಲ್ಲ, ಗಮನಿಸಿದಿರಾ? ಹೆಂಡತಿ. ‘ನೀನು’ ಅನ್ನೋದರಲ್ಲೇ ಅವಳೂ ಸೇರಿದಾಳೆ ಅಂತ ವ್ಯಾಖ್ಯಾನಕಾರರು ಹೇಳಬಹುದು. ನಮ್ಮ ಮನೆಗಳಲ್ಲಂತೂ ಸೇರಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ಸೋಮವಾರ ಎತ್ತು ಮಲಗಿದಾಗಲೂ ಸಗಣಿ ಬಳಿಯೋ ಕೈ ನಿಲ್ಲಲ್ಲ. ಎಳ್ಳ ಅಮಾಸಿ ಬುತ್ತಿಗೆ ಹಿಂದಿನ ರಾತ್ರಿ ನಿದ್ದೆಗೆಟ್ಟವರು ಯಾರು ಅಂತ ಹೇಳಬೇಕಿಲ್ಲ. ‘ಸಂಡೆ ಸ್ಪೆಷಲ್’ ಅನ್ನೋ ಪದವೇ ಮನೇಲಿ ಒಬ್ಬರಿಗೆ ಡಬಲ್ ಶಿಫ್ಟ್.

ಈ ವಿಷಯದಲ್ಲಿ ಯಹೂದಿ ಮನೆಗಳ ಒಂದು ನಿಯಮ ಕದಿಯೋಕೆ ಯೋಗ್ಯ: ಒಲೆ ಹಚ್ಚದಿರೋದು. ಕಲಬುರಗಿಯವರಿಗೆ ಇದು ಕಷ್ಟವೂ ಅಲ್ಲ. ತಿಂಗಳು ಇಟ್ಟರೂ ಕೆಡದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಉಳ್ಳಾಗಡ್ಡಿ ಇದ್ದರೆ ಒಂದು ದಿನ ಕಳೆಯುತ್ತೆ. ಫೋನ್ ಬೇರೆ ಕೋಣೇಲಿ ಇರಲಿ. ಆ್ಯಪ್ ತೆಗೆದು ಊಟ ತರಿಸಬೇಡಿ, ನಿಮ್ಮ ಬಿಡುವನ್ನು ಇನ್ನೊಬ್ಬ ಹೆಗಲ ಮೇಲೆ ಹೊತ್ತು ತರೋದಾದರೆ ಕಟ್ಟಳೆ ಮುರಿದಂಗೇ. ಮನೆಯವರೆಲ್ಲರಿಗೂ ಹೊಂದೋ ಒಂದೇ ದಿನ ಗೊತ್ತು ಮಾಡಿಕೊಳ್ಳಿ. ಆ ರೊಟ್ಟಿ ಬಡಿಯೋರು ಯಾರು, ಮರುದಿನ ಪಾತ್ರೆ ತೊಳೆಯೋರು ಯಾರು ಅನ್ನೋದನ್ನು ಮಾತ್ರ ಹಿಂದಿನ ದಿನವೇ ಕೂತು ಮಾತಾಡಿಕೊಳ್ಳಿ.